ಅತ್ತೆಗೊಂದು ಚಳಿಗಾಲ

ಕೀಲಿಕೈ ಮಾಡುವವನ ಗೂಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ, ಬೀದಿ ತಿರುಗುವ ಮೂಲೆಯಲ್ಲಿದ್ದ ಬಲ್ಬಿನ ಅಂಗಡಿಯ ಯಜಮಾನನನ್ನು ಬೀದಿಯವರೆಲ್ಲ ಹೋಲ್ಡರ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಬದುಕಿತ್ತು. ಅಡ್ಡಹೆಸರಿಗೆ ಕಾರಣ ಗಲ್ಲಾದ ಪಕ್ಕದಲ್ಲಿದ್ದ ಹಲಗೆ. ಅದರ ತುಂಬ ಬಗೆಬಗೆಯ ಹೋಲ್ಡರುಗಳು. ಯಾರು ಯಾವ ಬಲ್ಬನ್ನೇ ಕೇಳಲಿ, ಅದನ್ನು ಸಿಕ್ಕಿಸಿ, ಉರಿಸಿ, ಗಿರಾಕಿಯ ಮುಖಕ್ಕೆ ನೇರವಾಗಿ ಹಲಗೆ ತಿರುಗಿಸಿ, 'ನೋಡಿ' ಎಂದ ಮೇಲೆಯೇ ಕೊಡುತ್ತಿದ್ದ. ಅವಸರ ಇದ್ದವರಿಗೂ ಬಿಡುಗಡೆ ಇರಲಿಲ್ಲ. ಬೀದಿಯಲ್ಲಿ ಯಾರಾದರೂ ಕಣ್ಣು ಪಿಳಿಪಿಳಿ ಮಾಡುತ್ತ ಗೋಡೆ ಸವರಿಕೊಂಡು ಬರುತ್ತಿದ್ದರೆ, ಅವರು ಹೋಲ್ಡರನ ಅಂಗಡಿಯಿಂದ ಬಂದವರು ಎಂದು ತಿಳಿಯಬೇಕು.

ಅಂಗಡಿ ಅಪ್ಪನ ಕಾಲದ್ದು. ಅಪ್ಪ ಅದನ್ನು ತೆರೆದ ದಿನ ಶೋಕೇಸಿನ ನಡುವೆ ಒಂದು ಬಲ್ಬು ತೂಗುಹಾಕಿ, ಅದಕ್ಕೆ ಸ್ವಿಚ್ಚೇ ಇಡದೆ ನೇರವಾಗಿ ತಂತಿ ಎಳೆದಿದ್ದ. ಸ್ವಿಚ್ಚು ಇದ್ದರೆ ಯಾರಾದರೊಬ್ಬರು ಆರಿಸಿಬಿಡುತ್ತಾರೆ ಎಂಬುದು ಅವನ ವಾದ. ಬೆಳಕು ಮಾರುವವನ ಮನೆಯಲ್ಲಿ ಕತ್ತಲೆ ಕಂಡರೆ ಗಿರಾಕಿ ಬೇರೆ ಅಂಗಡಿ ಹುಡುಕುತ್ತಾನೆ. ಹಾಗಾಗಿ ಆ ದೀಪ ಹಗಲೂ ಇರುಳೂ ಉರಿಯಿತು. ಬಲ್ಬು ಸುಟ್ಟರೆ ಹೊಸದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ಬಿಚ್ಚುತ್ತಿದ್ದರು. ಅಂಗಡಿಗೆ ವಾರದ ರಜೆ ಎನ್ನುವುದೂ ಇರಲಿಲ್ಲ. ಹೋಲ್ಡರನ ಮದುವೆಯ ದಿನ ಕೂಡ ಅವನ ತಾಯಿ ಊಟದ ಹೊತ್ತಿಗೆ ಬಂದು, ಹೊಸ ಸೊಸೆಯ ಮುಖ ನೋಡಿ, ಮತ್ತೆ ಗಲ್ಲಾಕ್ಕೆ ಹೋಗಿ ಕೂತಿದ್ದಳು.

ಆ ತಾಯಿಯ ವಿಷಯ ಸ್ವಲ್ಪ ಹೇಳಬೇಕು. ಗಲ್ಲಾದ ಹಿಂದಿನ ಬಾಗಿಲು ತೆರೆದರೆ ಅಡುಗೆಮನೆ. ಆಕೆ ಕೂರುತ್ತಿದ್ದ ಸ್ಟೂಲಿನಿಂದ ಎರಡೂ ಕಾಣುತ್ತಿದ್ದವು. ಗಿರಾಕಿ ಎಷ್ಟು ಚಿಲ್ಲರೆ ಕೊಟ್ಟ, ಸೊಸೆ ಎಷ್ಟು ಎಣ್ಣೆ ಹಾಕಿದಳು, ಎರಡನ್ನೂ ಒಂದೇ ಹೊತ್ತಿನಲ್ಲಿ ನೋಡಬಲ್ಲವಳು. ಬಾಯಿ ಬಿಟ್ಟು ಬೈದವಳಲ್ಲ. ಮುಖದ ಬಣ್ಣ ಬದಲಾಗುತ್ತಿತ್ತು, ಅಷ್ಟೇ. ಅದರಲ್ಲೇ ಸೊಸೆಗೆ ಎಲ್ಲ ತಿಳಿಯುತ್ತಿತ್ತು. ಕೊನೆಯ ಕಾಯಿಲೆಯಲ್ಲೂ ಆಕೆಗೆ ಬೆನ್ನಿಗೆ ದಿಂಬು ಕೊಟ್ಟು ಗಲ್ಲಾದಲ್ಲೇ ಕೂರಿಸುತ್ತಿದ್ದರು. ಹಾಸಿಗೆ ಹಿಡಿದಳು ಎಂದು ಬೀದಿಗೆ ಗೊತ್ತಾಗುವ ಹೊತ್ತಿಗೆ ಆಕೆ ಹೊರಟುಹೋಗಿದ್ದಳು.

ತಾಯಿ ಹೋದ ಮೇಲೆ ಅಂಗಡಿ ಸ್ವಲ್ಪ ಮಂಕಾಯಿತು. ಎದುರಿನ ಫ್ಯಾನ್ ಅಂಗಡಿಯವನು ಬಲ್ಬುಗಳನ್ನೂ ಇಡಲು ಶುರುಮಾಡಿದ್ದ. ಗಿರಾಕಿಗಳನ್ನು ಸೆಳೆಯುವ ದಾರಿ ಏನಿದೆ ಎಂದು ಹೋಲ್ಡರ್ ತಲೆ ಕೆರೆದುಕೊಳ್ಳುತ್ತಿದ್ದಾಗ, ಸಾಕುಪ್ರಾಣಿಗಳನ್ನು ಮಾರುವವನೊಬ್ಬ ಪಂಜರಗಳಿಗೆ ಬೇಕಾದ ಶಾಖದ ಬಲ್ಬು ಕೊಳ್ಳಲು ಬಂದ. ಮಾತಿಗೆ ಮಾತು ಬೆಳೆದು, ಬಿಸಿಲಿನಂಥ ಬೆಳಕಿನಲ್ಲಿ ಬದುಕುವ ಗೋಸುಂಬೆಯೊಂದು ತನ್ನಲ್ಲಿದೆ ಎಂದ. ಹೋಲ್ಡರನ ತಲೆಯಲ್ಲಿ ಆಗಲೇ ದೀಪ ಹತ್ತಿತು. ನಮ್ಮ ಬೆಳಕು ಬಿಸಿಲಿನಂತಿದೆ ಎಂದು ನಾವು ಹೇಳಿದರೆ ಯಾರು ನಂಬುತ್ತಾರೆ? ಅದರಲ್ಲಿ ಒಂದು ಜೀವ ಮೈ ಕಾಯಿಸಿಕೊಂಡು ಕೂತಿದ್ದರೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಬಡಗಿಯನ್ನು ಕರೆಸಿ ಶೋಕೇಸಿನ ಗೋಡೆಗೇ ಸೇರಿಸಿ, ನೆಲದಿಂದ ಮಾಡಿನವರೆಗೆ ಜಾಲರಿಯ ಗೂಡು ಕಟ್ಟಿಸಿದ. ಒಳಗೆ ಕುಂಡದ ಗಿಡಗಳು, ಅಡ್ಡಡ್ಡ ಕೊಂಬೆಗಳು, ಎಲೆಯ ಮೇಲೆ ತೊಟ್ಟಿಕ್ಕುವ ನೀರಿನ ನಳಿಕೆ. ಮೇಲೆ ಶಾಖದ ದೀಪ ಒಂದು ಸಾಕು ಎಂದಿದ್ದ ಪ್ರಾಣಿ ಮಾರುವವನು. ಬಲ್ಬಿನ ಅಂಗಡಿಯವನಿಗೆ ಒಂದು ಎಂದರೆ ಅವಮಾನ. ಎರಡು ಹಾಕಿದ, ಜೊತೆಗೆ ಬಿಸಿಲಿನ ಗುಣವಿರುವ ಉದ್ದನೆಯ ಟ್ಯೂಬು. ಅಪ್ಪನ ದೀಪವಂತೂ ಪಕ್ಕದಲ್ಲೇ ಇತ್ತು.

ಗೋಸುಂಬೆ ಬಂತು. ಹೆಣ್ಣು, ತಲೆಯ ಮೇಲೆ ಜುಟ್ಟಿನಂಥ ಸಣ್ಣದೊಂದು ಏಣು. ಕೊಂಬೆಯ ಮೇಲೆ ಒಂದು ಕಾಲು ಎತ್ತಿ, ಇಡಲೋ ಬೇಡವೋ ಎಂದು ಯೋಚಿಸಿ ಇಟ್ಟಿತು. ಒಂದು ಕಣ್ಣು ಗಲ್ಲಾದ ಕಡೆ ತಿರುಗಿತು. ಇನ್ನೊಂದು ನಿಧಾನವಾಗಿ ಅಡುಗೆಮನೆಯ ಬಾಗಿಲ ಕಡೆ ಹೊರಳಿತು. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೆಂಡತಿ ತಕ್ಷಣ ಸೆರಗು ಸರಿಮಾಡಿಕೊಂಡಳು.

"ರೀ, ಅತ್ತೆ ವಾಪಸ್ ಬಂದ್ರು," ಎಂದಳು.

ಹೋಲ್ಡರನ ಮುಖ ದಪ್ಪಗಾಯಿತು. ಆದರೆ ಅಂಗಡಿಯಲ್ಲೇ ವೈರಿಂಗ್ ಕೆಲಸ ಮಾಡಿಕೊಂಡಿದ್ದ ಅವನ ಬಾಮೈದ ಬಿದ್ದು ಬಿದ್ದು ನಕ್ಕು, ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿದ. ಆವತ್ತಿನಿಂದ ಗೋಸುಂಬೆಗೆ ಅತ್ತೆಯವರು ಎಂದೇ ಹೆಸರು, ಮಾತಿನಲ್ಲಿ ಬಹುವಚನ. ಅತ್ತೆಯವರು ಊಟ ಮಾಡಿದರಾ, ಅತ್ತೆಯವರಿಗೆ ಇವತ್ತು ಸಿಟ್ಟು ಇದ್ದ ಹಾಗಿದೆ. ಮೊದಲು ಮುಖ ತಿರುಗಿಸುತ್ತಿದ್ದ ಹೋಲ್ಡರ್, ಕೆಲವು ದಿನಗಳಲ್ಲೇ ತಾನೂ ಹಾಗೆಯೇ ಹೇಳತೊಡಗಿದ.

ಲೆಕ್ಕಾಚಾರ ತಪ್ಪಲಿಲ್ಲ. ಜನ ಗಾಜಿಗೆ ಮೂಗು ಒತ್ತಿ ನಿಂತರು, ನಿಂತವರಲ್ಲಿ ಅರ್ಧ ಜನ ಒಳಗೆ ಬಂದರು. ನಾಲಿಗೆ ಚಾಚಿ ಮಿಡತೆ ಹಿಡಿಯುವುದನ್ನು ನೋಡಲು ಬಂದವರು, ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಒಂದು ಬಲ್ಬಾದರೂ ಕೊಂಡರು. ಫ್ಯಾನ್ ಅಂಗಡಿಯವನು ತನ್ನ ಬಾಗಿಲಲ್ಲಿ ನಿಂತು ಹಲ್ಲು ಕಡಿದ. ಹೋಲ್ಡರ್ ಬೆಳಿಗ್ಗೆ ಎದ್ದವನೇ ಮೊದಲು ಅತ್ತೆಯವರ ದೀಪ ಹಾಕುತ್ತಿದ್ದ, ಮಲಗುವ ಮೊದಲು ಕೊನೆಯದಾಗಿ ಆರಿಸುತ್ತಿದ್ದ. ಹೊರಗೆ ಮಳೆಯೋ ಮಂಜೋ ಏನೇ ಇರಲಿ, ಗೂಡಿನೊಳಗೆ ಮಾತ್ರ ಕಡು ಬೇಸಿಗೆಯ ನಡುಹಗಲು. ತನ್ನ ಸಾಮಾನಿನ ಮೇಲೆ ಅವನಿಗೆ ಅಷ್ಟು ಅಭಿಮಾನ. ಹೊಟ್ಟೆಗೂ ಕೊರತೆ ಇಲ್ಲ. ಬಾಮೈದ ಡಬ್ಬಿಯಲ್ಲಿ ಮಿಡತೆ ಸಾಕುತ್ತಿದ್ದ, ಅತ್ತೆಯವರು ಬಾಯಿ ತೆರೆದಾಗಲೆಲ್ಲ ಒಂದು ಸಿಕ್ಕುತ್ತಿತ್ತು.

ಒಂದು ದಿನ ಅತ್ತೆಯವರ ಮೈಮೇಲೆ ಹಳದಿ ನೀಲಿ ಚುಕ್ಕೆಗಳು ಎದ್ದವು, ಹೊಟ್ಟೆ ಉಬ್ಬಿತು. ಅವರು ಕೆಳಗಿಳಿದು ಗೂಡಿನ ತಳದಲ್ಲಿದ್ದ ಮರಳಿನ ತೊಟ್ಟಿಯಲ್ಲಿ ಗುಂಡಿ ತೋಡಿದರು. ಒಳಗೆ ಮೊಟ್ಟೆಯ ರಾಶಿ. ಗಂಡೇ ಇಲ್ಲದೆ ಮೊಟ್ಟೆ ಹೇಗೆ ಎಂದು ಬೀದಿ ಬಾಯಿಮೇಲೆ ಬೆರಳಿಟ್ಟಿತು. ಕೋಳಿ ಹಾಗೆ ಇಡುವುದಿಲ್ಲವೇ, ಮರಿಯಾಗದ ಮೊಟ್ಟೆ, ಎಂದು ಕೀಲಿಕೈಯವನು ವಿವರಿಸಿದ. ಮನೆಯಲ್ಲಿ ಬಾಣಂತನ ಆದಷ್ಟೇ ಸಂಭ್ರಮ. ಸ್ವಲ್ಪ ಕಾಲ ಕಳೆಯುವುದರೊಳಗೆ ಮತ್ತೆ ಮೊಟ್ಟೆ. ಈ ಸಲ ಸಂಭ್ರಮ ಕಡಿಮೆ. ಮೂರನೆಯ ಸಲ ಮೊಟ್ಟೆ ಇಟ್ಟ ಅತ್ತೆಯವರು ಕೊಂಬೆ ಹತ್ತಲಿಲ್ಲ. ಮರಳಿನ ಪಕ್ಕದಲ್ಲೇ ಕೂತರು. ಎತ್ತಲೂ ನೋಡಬಲ್ಲ ಆ ಕಣ್ಣುಗಳು ಗುಳಿಬಿದ್ದು ಮುಚ್ಚಿಕೊಂಡಿದ್ದವು, ಅದೂ ಹಾಡಹಗಲಿನಲ್ಲಿ.

ಬಿಸಿ ಸಾಲದೇನೋ ಎಂದು ಹೋಲ್ಡರ್ ಮೂರನೆಯ ದೀಪವೊಂದನ್ನು ಸೇರಿಸಿ, ಪ್ರಾಣಿಗಳ ಡಾಕ್ಟರಮ್ಮನಿಗೆ ಹೇಳಿಕಳಿಸಿದ.

ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಬಂದವಳೇ ಮೊದಲು ಆ ಮೂರನೆಯ ದೀಪ ಆರಿಸಿದಳು. ಅತ್ತೆಯವರನ್ನು ಕೈಮೇಲೆ ಹತ್ತಿಸಿಕೊಂಡು, ಬೆನ್ನಿನ ಎಲುಬು ಸವರಿ, ಬಾಯಿ ಬಿಡಿಸಿ ನೋಡಿ, ಸುಣ್ಣದ ಸತ್ವದ ಔಷಧಿ ಕುಡಿಸಿದಳು. ಆಮೇಲೆ ಗೂಡಿನ ಮೇಲಿನ ಬೆಳಕಿನ ಸಾಲನ್ನು ಒಂದೊಂದಾಗಿ ನೋಡಿದಳು. ತನ್ನ ಸಾಮಾನನ್ನು ಯಾರೋ ತೂಕಕ್ಕೆ ಹಾಕುತ್ತಿದ್ದಾರೆ ಎಂದು ಹೋಲ್ಡರನಿಗೆ ಅನಿಸಿತು.

"ಇವಳಿಗೆ ರೋಗ ಏನೂ ಇಲ್ಲ," ಎಂದಳು. "ಇವಳಿಗೆ ಚಳಿಗಾಲ ಇಲ್ಲ. ಅದೇ ತೊಂದರೆ."

ಕಾಡಿನಲ್ಲಾದರೆ ಹಗಲು ಚಿಕ್ಕದಾಗುತ್ತದೆ, ಬಿಸಿಲು ಇಳಿಯುತ್ತದೆ, ಹುಳ ಕಡಿಮೆಯಾಗುತ್ತದೆ. ಈಗ ಮೊಟ್ಟೆಯ ಕಾಲವಲ್ಲ ಎಂದು ಮೈಗೆ ತಿಳಿಯುತ್ತದೆ. ಇಲ್ಲಿ ಬೇಸಿಗೆ ಮುಗಿಯುವುದೇ ಇಲ್ಲ, ಊಟವೂ ಮುಗಿಯುವುದಿಲ್ಲ, ಆದ್ದರಿಂದ ಮೊಟ್ಟೆಯೂ ಮುಗಿಯುವುದಿಲ್ಲ. ಹೀಗೆಯೇ ಇನ್ನೊಂದು ಸಲ ಮೊಟ್ಟೆ ತುಂಬಿದರೆ ಇವಳು ಏಳುವುದಿಲ್ಲ. ಬೆಳಕಿನ ಹೊತ್ತು ಇಳಿಸಿ, ಶಾಖ ಇಳಿಸಿ, ಊಟ ಇಳಿಸಿ, ಎಲ್ಲವೂ ಸ್ವಲ್ಪ ಸ್ವಲ್ಪವಾಗಿ. ಒಂದೇ ದಿನಕ್ಕೆ ಎಲ್ಲ ಆರಿಸಿದರೆ ಅದು ಚಳಿಗಾಲವಲ್ಲ, ಚಿತ್ರಹಿಂಸೆ. ಮತ್ತೆ ಸಂಜೆಯಾದ ಮೇಲೆ ಗೂಡಿನಲ್ಲಿ ಕತ್ತಲೆ ಇರಬೇಕು, ಪೂರ್ತಿ ಕತ್ತಲೆ. ಇಷ್ಟು ಹೇಳಿ ಅಪ್ಪನ ದೀಪದ ಕಡೆ ಕೈ ತೋರಿಸಿದಳು. ಇದು ಯಾವ ಹೊತ್ತಿಗೆ ಆರುತ್ತದೆ ಎಂದು ಕೇಳಿದಳು.

ಬಾಮೈದ, ಅದಕ್ಕೆ ಸ್ವಿಚ್ಚಿಲ್ಲ ಎಂದ.

ಡಾಕ್ಟರಮ್ಮ ಹೋದ ಮೇಲೆ ಹೋಲ್ಡರ್ ಒಂದು ಸುತ್ತು ವಾದ ಮಾಡಿದ, ಎದುರಿಗೆ ಯಾರೂ ಇಲ್ಲದಿದ್ದರೂ. ಹೊರಗೆ ಹಗಲು ಚಿಕ್ಕದಾಗುತ್ತ ಬಂದಿತ್ತು. ಸಂಜೆ ಬೇಗ ಕತ್ತಲಾಗುವ ತಿಂಗಳುಗಳಲ್ಲೇ ಬಲ್ಬಿನ ವ್ಯಾಪಾರ ಜೋರು, ಅದು ಯಾರಿಗೆ ಗೊತ್ತಿಲ್ಲ? ಅದೇ ಹೊತ್ತಿಗೆ ಶೋಕೇಸು ಕತ್ತಲೆ ಮಾಡಬೇಕಂತೆ. ಗೂಡನ್ನು ಒಳಮನೆಗೆ ಸಾಗಿಸೋಣ ಎಂದರೆ ಅದು ಗೋಡೆಗೆ ಕಟ್ಟಿದ್ದು, ಮೇಲಾಗಿ ಇಷ್ಟು ಸೋತ ಮೈಗೆ ಜಾಗ ಬದಲಾದರೆ ಇನ್ನೊಂದು ಪೆಟ್ಟು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು.

ಶಾಖದ ದೀಪಗಳಲ್ಲಿ ಒಂದನ್ನು ಬಿಚ್ಚಿದ, ಇನ್ನೊಂದಕ್ಕೆ ಕಡಿಮೆ ವಾಟಿನದು ಹಾಕಿದ. ಅಲ್ಲಿಯವರೆಗೆ ಮನಸ್ಸು ಒಪ್ಪಿತು. ಅಪ್ಪನ ದೀಪಕ್ಕೆ ಮಾತ್ರ ಕೈ ಹೋಗಲಿಲ್ಲ. ಅದರ ಬದಲು ಕಂಬಳಿಯೊಂದನ್ನು ತಂದು ಸಂಜೆಗೆ ಗೂಡಿನ ಮೇಲೆ ಹೊದಿಸಿದ. ಗಾಳಿಯಾಡದೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ಬೆವರು, ಎಲೆಗಳ ಮೇಲೆ ಮುಗ್ಗಲು ವಾಸನೆ. ಅತ್ತೆಯವರು ಉಸಿರಿಗಾಗಿ ಬಾಯಿ ತೆರೆದು ಕೂತಿದ್ದರು. ಕಂಬಳಿ ತೆಗೆದರೆ ದೀಪ, ಹಾಕಿದರೆ ಉಸಿರುಕಟ್ಟು.

"ನೀನೇ ಆ ತಂತಿ ಬಿಚ್ಚಿಬಿಡೋ," ಎಂದು ಬಾಮೈದನಿಗೆ ಹೇಳಿದ.

"ಬೇರೆ ಯಾರ ಮನೇದಾದ್ರೂ ಬಿಚ್ತೀನಿ ಭಾವ. ದೊಡ್ಡ ಯಜಮಾನರ ದೀಪಕ್ಕೆ ನಾನು ಕೈ ಹಾಕಲ್ಲ. ನಾಳೆ ಅಂಗಡಿಗೆ ಏನಾದ್ರೂ ಆದ್ರೆ ನೀವು ನನ್ನ ಕಡೆಗೇ ಬೆರಳು ತೋರಿಸ್ತೀರಿ."

ಹೆಂಡತಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ತೀರಿಹೋದ ಅತ್ತೆಗೂ ಅವಳಿಗೂ ಬಾಳಿನುದ್ದಕ್ಕೂ ಅಷ್ಟಕ್ಕಷ್ಟೇ ಎಂದು ಬೀದಿಗೇ ಗೊತ್ತಿತ್ತು.

"ನಿಮ್ಮಮ್ಮನಿಗೆ ಜ್ವರ ಬಂದಾಗಲೂ ದಿಂಬು ಕೊಟ್ಟು ಗಲ್ಲಾದಲ್ಲಿ ಕೂರಿಸಿದ್ರಿ," ಎಂದಳು. "ನಾನೂ ಆಗ ಬಾಯಿ ಬಿಡಲಿಲ್ಲ. ಇವರನ್ನಾದ್ರೂ ಮಲಗೋಕೆ ಬಿಡಿ."

ಅಷ್ಟು ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು, ಬೇಕಾದ್ದಕ್ಕಿಂತ ಜೋರಾಗಿ.

ಹೋಲ್ಡರ್ ಹಲಗೆಯ ಮುಂದೆ ಬಹಳ ಹೊತ್ತು ಕೂತಿದ್ದ. ಗಿರಾಕಿಯೊಬ್ಬ ಬಂದು ಬಲ್ಬು ಕೇಳಿದರೆ, ಅದನ್ನು ಉರಿಸಿ ತೋರಿಸದೆಯೇ ಕೊಟ್ಟುಬಿಟ್ಟ. ಆ ಗಿರಾಕಿ ಹೆದರಿ, ಯಜಮಾನರಿಗೆ ಮೈ ಸರಿ ಇದೆಯಾ ಎಂದು ಕೀಲಿಕೈಯವನ ಹತ್ತಿರ ವಿಚಾರಿಸಿದನಂತೆ. ಆಮೇಲೆ ಹೋಲ್ಡರ್ ಎದ್ದು ಮೇನ್ ಸ್ವಿಚ್ಚು ಇಳಿಸಿ, ಏಣಿ ಹಾಕಿ ಹತ್ತಿ, ತಂತಿ ಕಳಚಿ, ಬಲ್ಬು ಬಿಚ್ಚಿದ. ಇನ್ನೊಂದು ಕೈಯಲ್ಲಿ ಹೊಸ ಬಲ್ಬು ಇಲ್ಲದೆ ಆ ಏಣಿ ಹತ್ತಿದ್ದು ಅವನಿಗೆ ಅದೇ ಮೊದಲು. ಬಿಚ್ಚಿದ ಬಲ್ಬು ಕೈ ಸುಡುತ್ತಿತ್ತು. ಅಂಗಿಯ ತುದಿಯಲ್ಲಿ ಹಿಡಿದು ಇಳಿದ.

ಮರುದಿನವೇ ಗಾಳಿಮಾತು ಹಬ್ಬಿತು. ಅಪ್ಪನ ಕಾಲದಿಂದ ಆರದ ದೀಪ ಆರಿದೆ ಎಂದರೆ ಅಂಗಡಿ ಮುಳುಗಿದೆ ಎಂದೇ ಅರ್ಥ. ಪಕ್ಕದ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು ಹೋಲ್ಡರನ ಹೆಂಡತಿಯ ಕೈ ಹಿಡಿದು, ಧೈರ್ಯವಾಗಿರಿ ಎಂದಳು. ಫ್ಯಾನ್ ಅಂಗಡಿಯವನು ರಸ್ತೆ ದಾಟಿ ಬಂದ. ಮುಖದಲ್ಲಿ ಸಾವಿನ ಮನೆಗೆ ಬಂದವನ ಕಳೆ, ಕಣ್ಣು ಮಾತ್ರ ಕಪಾಟಿನ ಅಳತೆ ತೆಗೆಯುತ್ತಿತ್ತು.

"ಕಷ್ಟ ಇದ್ರೆ ಹೇಳಿ, ನಾವೇನು ಹೊರಗಿನವರಾ? ಅಂಗಡಿ ಬಿಡೋದಾದ್ರೆ ಮೊದಲು ನನಗೆ ಒಂದು ಮಾತು ತಿಳಿಸಿ."

"ಬಿಡೋದಿಲ್ಲ. ನಮ್ಮ ಅತ್ತೆಯವರಿಗೆ ಚಳಿಗಾಲ," ಎಂದ ಹೋಲ್ಡರ್.

ಫ್ಯಾನ್ ಅಂಗಡಿಯವನು ಹಿಂದೆ ಹಿಂದೆ ಸರಿದು ಹೊರಟುಹೋದ. ಮುಳುಗಿರುವುದು ಅಂಗಡಿಯಲ್ಲ, ಯಜಮಾನನ ತಲೆ ಕೆಟ್ಟಿದೆ ಎಂದು ಆ ದಿನದಿಂದ ಸುದ್ದಿ ತಿದ್ದುಪಡಿಯಾಯಿತು. ಆಗ ಹೋಲ್ಡರ್ ದಪ್ಪ ರಟ್ಟಿನ ಮೇಲೆ ತಾನೇ ಬರೆದು ಗಾಜಿಗೆ ತೂಗುಹಾಕಿದ: 'ಒಳಗೆ ಚಳಿಗಾಲ. ಅಂಗಡಿ ತೆರೆದಿದೆ.' ಅದನ್ನು ಓದಲು ನಿಂತವರು ಮೊದಲಿಗಿಂತ ಕಡಿಮೆಯೇನಿರಲಿಲ್ಲ. ಆದರೆ ಮುಸ್ಸಂಜೆಗೆ ಒಳಗೆ ಬಂದವರು ಶೋಕೇಸಿನ ಕತ್ತಲೆಯಲ್ಲಿ ಕಾಲು ಎಡವಿ, ಗಲ್ಲಾದ ಮೇಲಿನ ಒಂದೇ ಚಿಕ್ಕ ದೀಪದಲ್ಲಿ ಚಿಲ್ಲರೆ ತಡಕಾಡಬೇಕಾಗಿತ್ತು. ಪರೀಕ್ಷೆಯ ಹಲಗೆಯನ್ನು ಬಾಮೈದ ಹಿಂದಿನ ಗೋದಾಮಿಗೆ ಸಾಗಿಸಿದ್ದ. ಬಲ್ಬು ಉರಿಯುತ್ತದೆಯೇ ಎಂದು ನೋಡಬೇಕಾದವರು ಹೋಲ್ಡರನ ಹಿಂದೆ ಸಾಲಾಗಿ ಅಡುಗೆಮನೆ ದಾಟಿ ಹೋಗುತ್ತಿದ್ದರು. ಹೆಂಡತಿ ಒಗ್ಗರಣೆ ಹಾಕುತ್ತ ಅವರಿಗೆ ದಾರಿ ಬಿಡುತ್ತಿದ್ದಳು, ಬಿಡುತ್ತಲೇ ಬೈಯುತ್ತಿದ್ದಳು.

ಅತ್ತೆಯವರ ಬಣ್ಣ ಇಳಿಯಿತು. ಒಣಗಿದ ಎಲೆಯ ಬಣ್ಣಕ್ಕೆ ತಿರುಗಿ, ಎಲೆಗಳ ನಡುವೆ ಎಲೆಯ ಹಾಗೆಯೇ ಕೂತರು. ಊಟ ನಾಮಕಾವಾಸ್ತೆ. ಬೆಳಿಗ್ಗೆ ದೀಪ ಹಾಕಿದರೂ ಬೇಗ ಏಳುತ್ತಿರಲಿಲ್ಲ. ಇದು ಸರಿಯಾಗೇ ಇದೆ ಎಂದು ಡಾಕ್ಟರಮ್ಮ ಬಂದು ನೋಡಿ ಹೇಳಿದಳು, ಹೋಲ್ಡರನಿಗೆ ನಂಬಿಕೆ ಬರಲಿಲ್ಲ. ಬೆಳಕು ಸಾಲದೆ ಬಾಡುತ್ತಿದ್ದಾರೆ ಎಂದೇ ಅವನ ಒಳಮನಸ್ಸು ಹೇಳುತ್ತಿತ್ತು. ಒಂದು ಮಧ್ಯಾಹ್ನ ಹೆಂಡತಿ ಹೊರಗೆ ಹೋಗಿದ್ದಾಗ ಹಳೆಯ ದೊಡ್ಡ ದೀಪ ಸಿಕ್ಕಿಸಿ, ಒಂದು ಗಳಿಗೆ ಮೈ ಬಿಸಿಯಾಗಲಿ ಎಂದು ಉರಿಸಿದ. ಅತ್ತೆಯವರು ಒಂದು ಕಣ್ಣು ತೆರೆದರು. ಮೈಮೇಲೆ ಕಪ್ಪು ಗೆರೆಗಳು ಮೂಡಿದವು. ಸಾವಕಾಶವಾಗಿ ಕೊಂಬೆಯ ಆ ಬದಿಗೆ ಹೊರಳಿ, ಅವನಿಗೆ ಬೆನ್ನು ಕೊಟ್ಟು, ದೀಪದಿಂದ ದೂರ ಸರಿದರು. ಅಮ್ಮನಿಗೆ ಸಿಟ್ಟು ಬಂದಾಗ ಆಗುತ್ತಿದ್ದುದೂ ಇಷ್ಟೇ.

ಹೆಂಡತಿ ಬಂದವಳು ಗೂಡಿನ ಜಾಲರಿಗೆ ಅಂಗೈ ಇಟ್ಟು ನೋಡಿದಳು. ಬಿಸಿ ಇನ್ನೂ ಆರಿರಲಿಲ್ಲ. ಆ ದೀಪದ ಪ್ಲಗ್ಗನ್ನು ತಂತಿಯಿಂದ ಬಿಚ್ಚಿ ತನ್ನ ಕಾಳಿನ ಡಬ್ಬಿಯಲ್ಲಿ ಹಾಕಿಕೊಂಡಳು. ಪ್ಲಗ್ಗುಗಳ ಪೆಟ್ಟಿಗೆಗಳನ್ನೇ ಮಾಡಿನವರೆಗೆ ಜೋಡಿಸಿಟ್ಟ ಅಂಗಡಿಯಲ್ಲಿ ಒಂದು ಪ್ಲಗ್ಗನ್ನು ಬಚ್ಚಿಡುವುದು ನಗೆಪಾಟಲಿನ ಕೆಲಸ. ಕೈ ಚಾಚಿದರೆ ಇನ್ನೊಂದು ಸಿಗುತ್ತಿತ್ತು. ಹೋಲ್ಡರ್ ಕೈ ಚಾಚಲಿಲ್ಲ. ಅವನ ಬಾಳಿನಲ್ಲಿ ಯಾರಾದರೂ ಮೆಚ್ಚಬೇಕಾದ ಕೆಲಸ ಏನಾದರೂ ಇದ್ದರೆ ಇದೇ ಇರಬೇಕು, ಇದನ್ನು ಯಾರೂ ಮೆಚ್ಚಲಿಲ್ಲ.

ಹೊರಗಿನ ಹಗಲು ಮತ್ತೆ ಉದ್ದವಾಗತೊಡಗಿತು. ಡಾಕ್ಟರಮ್ಮನ ಮಾತಿನಂತೆ ಒಳಗಿನ ಹಗಲನ್ನೂ ಅದರ ಹಿಂದೆ ಹಿಂದೆ ಸ್ವಲ್ಪ ಸ್ವಲ್ಪ ಎಳೆದರು. ಅತ್ತೆಯವರು ಮೊದಲು ನೀರು ಕುಡಿದರು, ಆಮೇಲೆ ಮಿಡತೆಗೆ ನಾಲಿಗೆ ಚಾಚಿದರು. ಬೆನ್ನಿನ ಎಲುಬು ಮುಚ್ಚಿಕೊಂಡು ಮೈ ಹಸಿರಾಯಿತು. ಒಂದು ಬೆಳಿಗ್ಗೆ ಹೆಂಡತಿ ಕೂಗಿ ಕರೆದಳು. ಹಳದಿ ಚುಕ್ಕೆಗಳು ಮತ್ತೆ ಎದ್ದಿದ್ದವು.

ಈ ಸಲವೇ ಗೊತ್ತಾಗುವುದು ಎಂದಳು ಡಾಕ್ಟರಮ್ಮ. ಮರಳಿಗಿಳಿದು ಗುಂಡಿ ತೋಡಿ, ಇಟ್ಟು, ತಾನೇ ಮೇಲೆ ಹತ್ತಿ ಬಂದರೆ ಬದುಕುತ್ತಾಳೆ. ಆದರೆ ಯಾರಾದರೂ ನೋಡುತ್ತಿದ್ದರೆ ತೋಡುವುದನ್ನು ಅರ್ಧಕ್ಕೆ ಬಿಡುತ್ತಾಳೆ, ಮೊಟ್ಟೆ ಒಳಗೇ ಉಳಿಯುತ್ತದೆ, ಅದೂ ಅಪಾಯವೇ. ಇದನ್ನು ಕೇಳಿ ಹೋಲ್ಡರ್ ಗಾಜಿನ ಕಡೆ ನೋಡಿದ. ಗಾಜಿನಾಚೆ ಮಾಮೂಲಿನಂತೆ ಮೂಗುಗಳು.

ಅವನು ಗಾಜಿಗೆಲ್ಲ ಹಳೆಯ ಕಾಗದ ಅಂಟಿಸಿದ. ಅದಾದ ಮೇಲೆ, ಇದ್ದ ಗಿರಾಕಿಗಳನ್ನು ಹೊರಗೆ ಕಳಿಸಿ ಷಟರ್ ಎಳೆದ. ರಾತ್ರಿಯೂ ಬಾಗಿಲಿಗೆ ಬೀಗ ಹಾಕುತ್ತಿದ್ದರಷ್ಟೇ, ಆ ಷಟರ್ ಇಳಿದದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ತುಕ್ಕು ಹಿಡಿದು ಅರ್ಧದಲ್ಲಿ ಸಿಕ್ಕಿಕೊಂಡದ್ದನ್ನು ಬಾಮೈದ ಜೋತುಬಿದ್ದು ಇಳಿಸಬೇಕಾಯಿತು. ಮೂವರೂ ಅಡುಗೆಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತರು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ರಜೆಯ ಅಭ್ಯಾಸ ಇದ್ದವರಲ್ಲ. ಹೆಂಡತಿ ಅವರೆಕಾಯಿ ಬಿಡಿಸಲು ಕೊಟ್ಟಳು, ಹೋಲ್ಡರ್ ಕಾಳನ್ನು ಹೊರಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತ ಹೋದ. ಬಾಗಿಲಿನಾಚೆಯಿಂದ ಸರಸರ ಮರಳಿನ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಿಂತಾಗಲೆಲ್ಲ ಅವನ ಕೈಯೂ ನಿಲ್ಲುತ್ತಿತ್ತು.

ಮರುದಿನವೂ ಅಂಗಡಿ ತೆರೆಯಲಿಲ್ಲ. ಆ ಮಧ್ಯಾಹ್ನ ಸದ್ದು ಪೂರ್ತಿ ನಿಂತು ಬಹಳ ಹೊತ್ತಾದ ಮೇಲೆ ಹೆಂಡತಿ ಬಾಗಿಲನ್ನು ಒಂದು ಬೆರಳಗಲ ಸರಿಸಿದಳು. ಗುಂಡಿ ಮುಚ್ಚಿ ಮರಳನ್ನು ಸಮ ಮಾಡಲಾಗಿತ್ತು. ಮೂಗಿಗೆಲ್ಲ ಮರಳು ಮೆತ್ತಿಕೊಂಡ ಅತ್ತೆಯವರು ಕೊಂಬೆಯ ಅರ್ಧ ದಾರಿ ಹತ್ತಿ, ಮುಂದಿನ ಕಾಲು ಎತ್ತಿ, ಇಡಲೋ ಬೇಡವೋ ಎಂದು ಯೋಚಿಸುತ್ತಿದ್ದರು. ಇಟ್ಟರು. ಎಲೆಯ ತುದಿಯ ಹನಿಗೆ ಬಾಯಿ ಕೊಟ್ಟರು. ಒಂದು ಕಣ್ಣು ಗಲ್ಲಾ ನೋಡಿತು, ಇನ್ನೊಂದು ಬಾಗಿಲ ಸಂದಿಗೆ ಬಂತು. ಹೆಂಡತಿ ಸೆರಗು ಸರಿಮಾಡಿಕೊಂಡಳು.

ಮೊಟ್ಟೆಗಳು ಹಿಂದಿನ ರಾಶಿಯ ಅರ್ಧದಷ್ಟೂ ಇರಲಿಲ್ಲ. ಡಾಕ್ಟರಮ್ಮನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಮುಂದಿನ ವರ್ಷವೂ ಚಳಿಗಾಲ ಮರೆಯಬೇಡಿ ಎಂದು ಹೇಳಿ ಹೋದಳು.

ಷಟರ್ ಎತ್ತಿದ ದಿನ ಹೋಲ್ಡರ್ ಅಪ್ಪನ ದೀಪವನ್ನು ಮತ್ತೆ ಅದೇ ಜಾಗದಲ್ಲಿ ತೂಗುಹಾಕಿದ. ತಂತಿ ಜೋಡಿಸಲು ಏಣಿ ಹತ್ತಿದ ಬಾಮೈದನನ್ನು ತಡೆದು, ಕಪಾಟಿನಿಂದ ಒಂದು ಸ್ವಿಚ್ಚು ತೆಗೆದು ಕೈಗೆ ಕೊಟ್ಟ. ಒಳ್ಳೆಯದನ್ನೇ ಆರಿಸಿದ್ದ.

"ಎಲ್ಲಿ ಹಾಕ್ಲಿ ಭಾವ?"

"ನನ್ನ ಕೈಗೆ ಸಿಗೋ ಹಾಗೆ."

ಬೀದಿಯವರಿಗೆ ಅದೂ ನಗೆಯ ವಸ್ತುವಾಯಿತು. ಅಂಗಡಿ ಈಗ ಯಾವ ಹೊತ್ತಿಗೆ ಮುಚ್ಚುತ್ತದೆ ಎಂದು ಯಾರಾದರೂ ಕೇಳಿದರೆ, ಅತ್ತೆಯವರನ್ನು ಕೇಳಿ ಎಂದು ಕೀಲಿಕೈಯವನು ಉತ್ತರ ಕೊಡುತ್ತಿದ್ದ. ಆವತ್ತು ಮುಸ್ಸಂಜೆ ಕೊನೆಯ ಗಿರಾಕಿ ಹೋದ ಮೇಲೆ ಹೋಲ್ಡರ್ ಶಾಖದ ದೀಪ ಆರಿಸಿದ, ಟ್ಯೂಬು ಆರಿಸಿದ, ಹೊಸ ಸ್ವಿಚ್ಚನ್ನೂ ಒತ್ತಿದ. ಶೋಕೇಸು ಕತ್ತಲಾಯಿತು. ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು. ಅವನು ಸ್ವಿಚ್ಚನ್ನು ಮತ್ತೊಮ್ಮೆ ಹಾಕಿ, ಉರಿಯುತ್ತದೆ ಎಂದು ತನಗೆ ತಾನೇ ತೋರಿಸಿಕೊಂಡು, ಆರಿಸಿ ಒಳಗೆ ಹೋದ.